ದೊಡ್ಡ ಕಣ್ಣಿನ ಹುಯಲ್

ತಪ್ಪು ಕನ್ನಡ ಕಿವಿಗೆ ಬಿದ್ದರೆ ನನಗೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗಾಗುತ್ತದೆ. ಇದೇನು ಹೇಳಿಕೊಳ್ಳುವಂಥ ಗುಣವಲ್ಲ, ಗೊತ್ತು. ಮೈಸೂರಿನಲ್ಲಿ ಹುಟ್ಟಿ ಬೆಳೆದು, ಮದುವೆಯಾಗಿ ಮದರಾಸಿಗೆ ಬಂದವಳು ನಾನು. ಗಂಡನ ಮನೆಯವರು ತಲೆಮಾರುಗಳಿಂದ ಇಲ್ಲೇ ಇದ್ದವರು. ಏಕಾದಶಿ, ಮಡಿ, ಮಠದ ಪಂಚಾಂಗ ಎಲ್ಲವನ್ನೂ ಕೂದಲೆಳೆಯಷ್ಟೂ ತಪ್ಪದೆ ಉಳಿಸಿಕೊಂಡಿದ್ದರು. ಕನ್ನಡವನ್ನು ಮಾತ್ರ ಅರ್ಧಕ್ಕರ್ಧ ತಮಿಳಿಗೆ ಬಿಟ್ಟುಕೊಟ್ಟಿದ್ದರು. ಮದುವೆಯಾದ ಹೊಸದರಲ್ಲಿ ಒಂದು ಮಧ್ಯಾಹ್ನ ನನ್ನ ಗಂಡ ಊಟ ಮುಗಿಸಿ, "ತೂಕ ಬರ್ತಾ ಇದೆ" ಎಂದರು. ಉಂಡ ಕೂಡಲೇ ತೂಕ ಬರುವ ಗಂಡಸನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅವರಿಗೆ ಬರುತ್ತಿದ್ದದ್ದು ನಿದ್ದೆ, ತಮಿಳಿನವರ ತೂಕ್ಕಂ. ಅವತ್ತು ತಿದ್ದಲು ಶುರು ಮಾಡಿದವಳು ಇವತ್ತಿಗೂ ತಿದ್ದುತ್ತಿದ್ದೇನೆ, ಅವರೂ ಬಿಡದೆ ತಪ್ಪುತ್ತಿದ್ದಾರೆ. ನಾಯಿ ಬಾಲ ಡೊಂಕು ಎನ್ನುತ್ತಾರಲ್ಲ, ನಮ್ಮಿಬ್ಬರಲ್ಲಿ ಅದು ಯಾರ ನಾಲಿಗೆಗೆ ಒಪ್ಪುತ್ತದೋ ಈಗ ಹೇಳುವುದು ಕಷ್ಟ.

ಮಗ ತಮಿಳು ಹುಡುಗಿಯನ್ನು ಮದುವೆಯಾದ. ಸೊಸೆ ಒಳ್ಳೆಯವಳು, ಅವಳ ಮೇಲೆ ನನಗೆ ಯಾವ ದೂರೂ ಇಲ್ಲ. ನಾವೆಲ್ಲ ತಾಂಬರಂನಲ್ಲಿ ಒಂದೇ ಫ್ಲ್ಯಾಟಿನಲ್ಲಿದ್ದೇವೆ. ಸೊಸೆ ದಿನಾ ಎಲೆಕ್ಟ್ರಿಕ್ ಟ್ರೇನಿನಲ್ಲಿ ಕೋಡಂಬಾಕ್ಕಂನ ಆಫೀಸಿಗೆ ಹೋಗಿ ಬರುತ್ತಾಳೆ. ಮಗನದು ಊರೂರು ಸುತ್ತುವ ಕೆಲಸ. ಹಾಗಾಗಿ ಹತ್ತು ವರ್ಷದ ಮೊಮ್ಮಗಳು ಶಾಲೆಯಿಂದ ಬಂದ ಮೇಲೆ ನನ್ನ ಪಾಲಿಗೆ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಅವಳಿಗೆ ನನ್ನ ಒಂದೊಂದು ಮಾತೂ ಅರ್ಥವಾಗುತ್ತದೆ, ಬೈದದ್ದಂತೂ ಇನ್ನೂ ಚೆನ್ನಾಗಿ. ಆದರೆ 'ಅಜ್ಜಿ' ಎನ್ನುವುದೊಂದನ್ನು ಬಿಟ್ಟರೆ ಅವಳ ಬಾಯಿಂದ ಕನ್ನಡ ಹೊರಡುತ್ತಿರಲಿಲ್ಲ.

ನನಗೆ ಬೇಕಾಗಿದ್ದದ್ದು ಹೆಚ್ಚೇನಲ್ಲ. ಅವಳು ತಾನಾಗಿಯೇ, ಯಾರೂ ಹೇಳಿಕೊಡದೆ, ಒಂದು ಮಾತು ನನ್ನ ಜೊತೆ ಕನ್ನಡದಲ್ಲಿ ಆಡಬೇಕು. ಬೇರೆಯವರ ಮನೆಯಲ್ಲಿ ಅಜ್ಜಿಯಂದಿರಿಗೆ ಸುಮ್ಮನೆ ಸಿಗುವ ಇದು ನನಗೆ ಸಿಗದೇ ಹೋಗುತ್ತದಲ್ಲ ಎಂದು ಒಳಗೊಳಗೇ ಕೊರಗು. ಹೇಳಿದರೆ ಸೊಸೆಯ ಮೇಲೆ ಚಾಡಿ ಹೇಳಿದ ಹಾಗಾಗುತ್ತದೆಂದು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ಹೀಗಿರುವಾಗ ಬೇಸಿಗೆ ರಜೆಯಲ್ಲಿ ಸೊಸೆ ಮಗಳ ಕೈಯಿಂದ ಫೋನು ಕಿತ್ತಿಟ್ಟಳು. ಫೋನಿನಲ್ಲಿ ಜಪಾನಿನ ಕಾರ್ಟೂನು ನೋಡುತ್ತಿದ್ದ ಹುಡುಗಿ ಈಗ ಅಂಥವೇ ಗೊಂಬೆಗಳನ್ನು ಕಾಗದದ ಮೇಲೆ ಬರೆಯಲು ಕೂತಳು. ಜೊತೆಗೆ ಇನ್ನಿಬ್ಬರು ಸೇರಿಕೊಂಡರು. ಒಬ್ಬಳು ಸ್ಟೇಷನ್ ಹತ್ತಿರ ಹೋಟೆಲು ಇಟ್ಟಿರುವ ಉಡುಪಿ ಕಡೆಯವರ ಮಗಳು, ಮೊಮ್ಮಗಳಿಗಿಂತ ಎರಡು ವರ್ಷ ದೊಡ್ಡವಳು, ಮನೆಯಲ್ಲಿ ಅರಳು ಹುರಿದ ಹಾಗೆ ಕನ್ನಡ ಮಾತಾಡುವವಳು. ಇನ್ನೊಬ್ಬಳು ಮೇಲಿನ ಮಹಡಿಯ ತಮಿಳು ಹುಡುಗಿ, ಕನ್ನಡದ ಗಂಧಗಾಳಿಯಿಲ್ಲ. ಶನಿವಾರ ಮಧ್ಯಾಹ್ನ ಮೂವರೂ ನಮ್ಮ ಹಾಲಿನ ನೆಲದ ಮೇಲೆ ಬೋರಲು ಮಲಗಿ ಬರೆಯುತ್ತಿದ್ದರು. ನಾನು ಕುರ್ಚಿಯಲ್ಲಿ ಕೂತು ಹೀರೇಕಾಯಿ ಹೆರೆಯುತ್ತ ನೋಡುತ್ತಿದ್ದೆ.

ಒಂದು ಶನಿವಾರ ಹೋಟೆಲಿನವರ ಹುಡುಗಿ ತಲೆಯೆತ್ತಿ, ಅಜ್ಜಿ, ನೀವೂ ಒಂದು ಓಸಿ ಮಾಡಿ ಎಂದಳು. ಹೀರೇಕಾಯಿ ನನ್ನ ಕೈಯಿಂದ ಜಾರಿತು. ನಮ್ಮ ಮೈಸೂರಿನ ಕಡೆ ಓಸಿ ಎಂದರೆ ನಂಬರಿನ ಮೇಲೆ ದುಡ್ಡು ಕಟ್ಟುವ ಜೂಜು, ಪೊಲೀಸರು ಹಿಡಿಯುವಂಥದ್ದು. ಒಳಗಿನಿಂದ ನನ್ನ ಗಂಡ, ಏನು ಓಸಿಯಲ್ಲಿ ಸಿಗುತ್ತಿದೆ ಎಂದು ಆಸೆಯಿಂದ ಕೇಳಿದರು. ಮದರಾಸಿನಲ್ಲಿ ಓಸಿ ಎಂದರೆ ಪುಕ್ಕಟೆ. ಮಕ್ಕಳು ಉರುಳಾಡಿ ನಕ್ಕರು. ಅವರ ಲೋಕದಲ್ಲಿ ಓಸಿ ಎಂದರೆ ಒರಿಜಿನಲ್ ಕ್ಯಾರೆಕ್ಟರ್, ಎಲ್ಲಿಂದಲೂ ಕದಿಯದೆ ತಾವೇ ಹುಟ್ಟಿಸಿದ ಪಾತ್ರವಂತೆ. ಅದಕ್ಕೆ ಮುಖ, ಬಟ್ಟೆ, ಸ್ವಭಾವ, ಹೆಸರು ಎಲ್ಲ ನಮ್ಮದೇ ಆಗಿರಬೇಕು. ಟೀವಿಯಲ್ಲಿ ಬರುವುದನ್ನು ನೋಡಿ ಬರೆದರೆ ಅದು ಕಾಪಿ, ಅಂಥವರ ಜೊತೆ ಅವರು ಕೂರುವುದಿಲ್ಲ.

ನನಗೂ ಹುಮ್ಮಸ್ಸು ಬಂತು. ವರಮಹಾಲಕ್ಷ್ಮಿ ಹಬ್ಬಕ್ಕೆ ಕಲಶದ ತೆಂಗಿನಕಾಯಿಗೆ ಅರಿಸಿನ ಮೆತ್ತಿ ಕಣ್ಣು ಮೂಗು ಬರೆಯುವುದು ನಮ್ಮ ಮನೆಯಲ್ಲಿ ನನ್ನದೇ ಕೆಲಸ. ದೊಡ್ಡ ಕಣ್ಣು ಬರೆಯಲು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದುಕೊಂಡು ಪೆನ್ಸಿಲು ಹಿಡಿದೆ. ಬರೆದು ಮುಗಿಸಿದಾಗ ಮೂವರೂ ಬಗ್ಗಿ ನೋಡಿದರು. ಅಜ್ಜಿ, ಇದು ದೇವಿ ಆಯಿತು, ಕೈಮುಗಿಯಬೇಕು ಅನ್ನಿಸುತ್ತದೆ ಎಂದಳು ಹೋಟೆಲಿನವರ ಹುಡುಗಿ. ಅಲ್ಲಿಂದ ನನಗೆ ಪಾಠ ಶುರುವಾಯಿತು. ಮೊದಲು ಒಂದು ಗುಂಡು, ಅದರ ಕೆಳಗೆ ಚೂಪು ಗಲ್ಲ. ಮುಖದ ಮೇಲೆ ಒಂದು ಅಡ್ಡಗೆರೆ, ಒಂದು ಉದ್ದಗೆರೆ, ಆಮೇಲೆ ಅಳಿಸುವುದಕ್ಕೆ. ಕಣ್ಣು ಅಡ್ಡಗೆರೆಗಿಂತ ಕೆಳಗೆ ಬರಬೇಕು, ಆಗಲೇ ಮುಖಕ್ಕೆ ಮಗುವಿನ ಕಳೆ. ಕಣ್ಣಿನೊಳಗೆ ಬೆಳಕಿನ ಒಂದು ಬಿಳಿ ಚುಕ್ಕೆ ಬಿಡಬೇಕು, ಬಿಡದಿದ್ದರೆ ಸತ್ತ ಮೀನಿನ ಕಣ್ಣಾಗುತ್ತದೆ. ಮೂಗು ಎಂದರೆ ಒಂದು ಚುಕ್ಕೆ, ಅಷ್ಟೆ.

ಮೂಗಿನ ವಿಷಯದಲ್ಲಿ ನಾನು ಜಗಳವಾಡಿದೆ. ಮೂಗೇ ಚುಕ್ಕೆಯಾದರೆ ಮೂಗುಬೊಟ್ಟು ಎಲ್ಲಿಡುವುದು? ನನ್ನ ಹುಡುಗಿಗೆ ಮೂಗುಬೊಟ್ಟು ಇರಲೇಬೇಕು ಎಂದು ಹಟ ಹಿಡಿದೆ. ಮಕ್ಕಳು ಗಂಭೀರವಾಗಿ ಚರ್ಚೆ ಮಾಡಿ, ಅಜ್ಜಿಯ ಹುಡುಗಿಗೆ ಮೂಗು ಬೇಡ, ಮೂಗುಬೊಟ್ಟು ಮಾತ್ರ ಇರಲಿ ಎಂದು ತೀರ್ಮಾನಿಸಿದರು. ನೋಡಿದರೆ ಸರಿಯಾಗಿಯೇ ಕಾಣುತ್ತಿತ್ತು.

ಇಷ್ಟು ಸಲಿಗೆಯಾದ ಮೇಲೆ ನನ್ನ ಬುದ್ಧಿ ಎಲ್ಲಿ ಹೋಗುತ್ತದೆ? ಒಂದು ಷರತ್ತು ಹಾಕಿದೆ. ನಮ್ಮ ಹಾಲಿನಲ್ಲಿ ಹುಟ್ಟುವ ಪಾತ್ರಗಳಿಗೆ ಕನ್ನಡದ ಹೆಸರೇ ಇರಬೇಕು, ಬಾಯಿಯ ಪಕ್ಕದ ಗುಳ್ಳೆಯೊಳಗೆ ಅವು ಆಡುವ ಮಾತೂ ಕನ್ನಡದ್ದೇ ಆಗಿರಬೇಕು, ಬರೆಯುವುದು ಇಂಗ್ಲಿಷ್ ಅಕ್ಷರದಲ್ಲಾದರೂ ಸರಿ. ಒಪ್ಪಿದವರಿಗೆ ಬಾಳೆಕಾಯಿ ಬಜ್ಜಿ. ಬಾಯಲ್ಲಿ ಬರದ ಕನ್ನಡ ಕೈಯಲ್ಲಾದರೂ ಬರಲಿ ಎಂಬುದು ನನ್ನ ಲೆಕ್ಕಾಚಾರ. ಮೊಮ್ಮಗಳು ನನ್ನನ್ನು ಓರೆಗಣ್ಣಿನಿಂದ ನೋಡಿದಳು. ಬಜ್ಜಿಯ ಆಸೆಗೋ ಏನೋ, ಒಪ್ಪಿದಳು.

ಎರಡು ಮೂರು ವಾರ ಕಳೆದ ಮೇಲೆ ಅವಳು ಏನೋ ನಿಧಿ ಸಿಕ್ಕವಳ ಹಾಗೆ ಅಡುಗೆಮನೆಗೆ ಓಡಿಬಂದು, ಕನ್ನಡ ತುಂಬ ಸುಲಭ ಎಂದು ತಮಿಳಿನಲ್ಲಿ ಸಾರಿದಳು. ಅವಳು ಕಂಡುಹಿಡಿದದ್ದು ಇದು: ತಮಿಳಿನ ಪಾಲ್ ಕನ್ನಡದಲ್ಲಿ ಹಾಲು. ಪೂ ಎಂದರೆ ಹೂವು. ಪಲ್ ಎಂದರೆ ಹಲ್ಲು, ಪುಲಿ ಎಂದರೆ ಹುಲಿ. ಅಂದ ಮೇಲೆ ತಮಿಳು ಪದದ ಮೊದಲಿನ 'ಪ' ತೆಗೆದು 'ಹ' ಇಟ್ಟರೆ ಕನ್ನಡ! ಪಂಡಿತರು ದಪ್ಪ ದಪ್ಪ ಪುಸ್ತಕದಲ್ಲಿ ಬರೆದದ್ದನ್ನು ಈ ಚೋಟುದ್ದದ ಹುಡುಗಿ ಹಾಲಿನ ಪ್ಯಾಕೆಟ್ಟು ನೋಡಿ ಕಂಡುಹಿಡಿದಳಲ್ಲ ಎಂದು ನನಗೆ ಹೆಮ್ಮೆಯಾಯಿತು. ಎರಡು ಬಜ್ಜಿ ಹೆಚ್ಚಿಗೆ ಕೊಟ್ಟೆ.

ಕೊಡಬಾರದಿತ್ತು. ತಮಿಳಿನಲ್ಲಿ ಪ ಮತ್ತು ಬ ಎರಡಕ್ಕೂ ಒಂದೇ ಅಕ್ಷರ. ಹಾಗಾಗಿ ಅವಳ ನಿಯಮ 'ಬ'ವನ್ನೂ ನುಂಗಿ ನೀರು ಕುಡಿಯಿತು. ಅವರಲ್ಲಿ ಶಾಲೆಗೆ ಪಳ್ಳಿ ಎನ್ನುತ್ತಾರೆ, ಅದು ಹಳ್ಳಿಯಾಯಿತು. ಬಸ್ಸು ಹಸ್ಸಾಯಿತು. ಪೇಸುವುದು, ಅಂದರೆ ಮಾತಾಡುವುದು, ಹೇಸುವುದಾಯಿತು. ಅವಳು ಬರೆದ ಒಬ್ಬ ಸಮವಸ್ತ್ರದ ಹುಡುಗ ಗುಳ್ಳೆಯೊಳಗೆ, ನಾನು ದಿನಾ ಹಸ್ಸಲ್ಲಿ ಹಳ್ಳಿಗೆ ಹೋಗುತ್ತೇನೆ, ಅಲ್ಲಿ ಎಲ್ಲರ ಜೊತೆ ಹೇಸುತ್ತೇನೆ ಎನ್ನುತ್ತಿದ್ದ. ಇದನ್ನು ಓದಿ ನಾನು ಸೆರಗು ಬಾಯಿಗೆ ತುರುಕಿಕೊಂಡು ದೇವರಮನೆಗೆ ಹೋಗಿ ನಿಂತೆ. ತಿದ್ದಬೇಕು ಎಂದು ನಾಲಿಗೆ ತುರಿಸುತ್ತಿತ್ತು. ಹುಡುಗಿ ಎಷ್ಟು ಉತ್ಸಾಹದಿಂದ ಪುಟದ ಮೇಲೆ ಪುಟ ಬರೆಯುತ್ತಿದ್ದಳೆಂದರೆ, ನನ್ನ ಜಾಯಮಾನಕ್ಕೆ ವಿರುದ್ಧವಾಗಿ ತಡೆದುಕೊಂಡೆ.

ಆ ದಿನಗಳಲ್ಲೇ ಹುಯಲ್ ಹುಟ್ಟಿದ್ದು. ಮೊಮ್ಮಗಳು ಬರೆದ ಎಲ್ಲ ಪಾತ್ರಗಳಲ್ಲಿ ಅವಳಿಗೂ ನನಗೂ ಇಷ್ಟವಾದದ್ದು ಅದೇ. ಸೊಂಟದವರೆಗಿನ ಕೂದಲೆಲ್ಲ ಒಂದೇ ಕಡೆಗೆ ಹಾರುತ್ತಿರುವ ಹುಡುಗಿ. ಒಂದು ಕಣ್ಣು ಕೂದಲಿನ ಕೆಳಗೆ ಮುಚ್ಚಿಹೋಗಿದೆ, ಇನ್ನೊಂದು ಮುಖದ ಕಾಲುಭಾಗ ತುಂಬಿದೆ. ಆ ಕಣ್ಣಿನೊಳಗೆ ಬೆಳಕಿನ ಚುಕ್ಕೆಯ ಬದಲು ಸುರುಳಿ ಸುತ್ತಿದ ಮೋಡ, ಮೋಡದ ನಡುವೆ ಒಂದು ಬಿಳಿ ತೂತು. ಸಮುದ್ರದ ಮೇಲೆ ಚಂಡಮಾರುತ ಎದ್ದಾಗ ಟೀವಿಯವರು ತೋರಿಸುತ್ತಾರಲ್ಲ, ಆ ಮೇಲಿನಿಂದ ತೆಗೆದ ಚಿತ್ರ. ತಮಿಳಿನಲ್ಲಿ ಚಂಡಮಾರುತಕ್ಕೆ ಪುಯಲ್ ಎನ್ನುತ್ತಾರೆ. ನಿಯಮದ ಪ್ರಕಾರ ಇವಳು ಹುಯಲ್. ಅವಳು ಕಾಲಿಟ್ಟ ಕಡೆ ಗಾಳಿ ಮಳೆ, ಶಾಲೆಗೆ ರಜೆ, ಅದಕ್ಕೇ ಮಕ್ಕಳಿಗೆ ಅವಳನ್ನು ಕಂಡರೆ ಪ್ರೀತಿಯಂತೆ.

ನಾನು ತಿದ್ದದೆ ಉಳಿದರೂ ಹೋಟೆಲಿನವರ ಹುಡುಗಿಗೆ ಅಂಥ ವ್ರತವೇನಿರಲಿಲ್ಲ. ಮುಂದಿನ ಶನಿವಾರ ಅವಳು ಮೊಮ್ಮಗಳ ಹಾಳೆಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದಳು. ಹಸುವಿನ ಮೇಲೆ ಕೂತು ಹಳ್ಳಿಗೆ ಹೋಪುದಾ ಇವ, ಎಂದು ಕೇಳಿದಳು. ಆಮೇಲೆ ಹುಯಲ್‌ಳ ಹಾಳೆ ಎತ್ತಿ, ಇದೆಂಥ ಹೆಸರು, ಹುಯಿಲು ಅಂದರೆ ಬೊಬ್ಬೆ ಹಾಕುವುದಲ್ಲವಾ ಅಜ್ಜಿ, ಎಂದು ನನ್ನನ್ನೇ ಸಾಕ್ಷಿಗೆ ಕರೆದಳು. ಅವಳ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮೇಲಿನ ಮಹಡಿಯ ಹುಡುಗಿಯೂ ಅರ್ಥವಾಗದೆ ಜೊತೆಗೆ ನಕ್ಕಳು. ಅಷ್ಟು ದಿನ ಅದುಮಿಟ್ಟಿದ್ದ ನಗು ನನಗೂ ಉಕ್ಕಿಬಂತು. ಮೊಮ್ಮಗಳ ಕಿವಿಗಳು ಕೆಂಪಾದವು. ಹಾಳೆಗಳನ್ನು ಜೋಡಿಸಿ, ಬೋರಲು ಹಾಕಿ, ಅದರ ಮೇಲೆ ಕೈಯಿಟ್ಟುಕೊಂಡು ಕೂತಳು.

ಹುಯಿಲು ನಿಜವಾಗಿಯೂ ಒಳ್ಳೆಯ ಕನ್ನಡದ ಮಾತು, ಚಂಡಮಾರುತಕ್ಕೆ ಅದಕ್ಕಿಂತ ಒಪ್ಪುವ ಹೆಸರು ನನಗೂ ಹೊಳೆಯುತ್ತಿರಲಿಲ್ಲ, ಎಂದು ರಾತ್ರಿ ಊಟಕ್ಕೆ ಬಡಿಸುವಾಗ ಅವಳಿಗೆ ಹೇಳಿದೆ. ಚಿಕ್ಕವರಿದ್ದಾಗ ನಾವು ಗಲಾಟೆ ಮಾಡಿದರೆ ನಮ್ಮಮ್ಮ, ಏನದು ಹುಯಿಲು ಎಂದೇ ಗದರುತ್ತಿದ್ದರು ಎಂದೂ ಹೇಳಿದೆ. ಸಮಾಧಾನಕ್ಕೆ ಹೇಳುತ್ತಿದ್ದೇನೆಂದುಕೊಂಡು ಅವಳು ನಂಬಲಿಲ್ಲ. ಮರುವಾರದಿಂದ ಅವಳ ಪಾತ್ರಗಳು ಬಾಯಿ ಮುಚ್ಚಿಕೊಂಡವು. ಪಕ್ಕದಲ್ಲಿ ಗುಳ್ಳೆ ಬರೆಯುತ್ತಿದ್ದಳು, ಒಳಗೆ ಏನೂ ಇರುತ್ತಿರಲಿಲ್ಲ. ಕೇಳಿದರೆ, ನೀವೇ ತುಂಬಿಸಿಕೊಳ್ಳಿ ಅಜ್ಜಿ, ನಿಮಗೆ ತಾನೇ ಸರಿಯಾಗಿ ಬರುವುದು ಎಂದು ತಮಿಳಿನಲ್ಲಿ ಹೇಳಿ ಬಣ್ಣ ಹಚ್ಚುವುದಕ್ಕೆ ತಿರುಗಿಕೊಂಡಳು. ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಬೈದು ಸರಿಮಾಡಬಹುದಿತ್ತು.

ಬಜ್ಜಿ ಮಾಡಿದೆ, ಮೈಸೂರುಪಾಕು ಮಾಡಿದೆ. ನನ್ನ ಮೂಗುಬೊಟ್ಟಿನ ಹುಡುಗಿಯ ಗುಳ್ಳೆಯೊಳಗೆ ಬೇಕೆಂದೇ ತಪ್ಪು ತಮಿಳು ಬರೆದು ತೋರಿಸಿದೆ. ಅವಳು ಅದನ್ನು ಮೆತ್ತಗೆ ತಿದ್ದಿ ಕೊಟ್ಟಳು. ಎಲ್ಲವನ್ನೂ ನೋಡುತ್ತಿದ್ದ ನನ್ನ ಗಂಡ ಒಂದು ದಿನ ಪೇಪರು ಮಡಿಚಿಟ್ಟು, "ತಪ್ಪೋ ಸರಿಯೋ, ಮಗು ಮೊದ್ಲು ಪೇಸಲಿ ಬಿಡೆ" ಎಂದರು. ಆ 'ಪೇಸಲಿ'ಯನ್ನು ನಾನು ತಿದ್ದಲಿಲ್ಲ. ಆಗಲೇ ಬಿಟ್ಟಿದ್ದೇನೆ, ಇನ್ನೇನು ಬಿಡಲಿ ಎಂದು ಅವರ ಮೇಲೇ ಸಿಡುಕಿದೆ. ಸಿಡುಕಿ ಹೋಗಿ ಬಾಲ್ಕನಿಯಲ್ಲಿ ನಿಂತುಕೊಂಡಾಗ ಕಣ್ಣಲ್ಲಿ ನೀರು ಬಂತು. ಒಂದೇ ಒಂದು ಮಾತಿಗೆ ಆಸೆಪಟ್ಟವಳು ನಾನು, ಗುಳ್ಳೆಯೊಳಗೆ ಇದ್ದದ್ದೂ ಹೋಯಿತಲ್ಲ ಎನಿಸಿತು.

ಕಾರ್ತಿಕದ ಕೊನೆಗೆ ನಿಜವಾದ ಪುಯಲ್ ಬಂತು. ಈ ಊರಿಗೆ ಇದು ಹೊಸದಲ್ಲ. ಹಿಂದಿನ ದಿನವೇ ಹಾಲು, ಮೇಣದಬತ್ತಿ ತಂದಿಟ್ಟು, ಇದ್ದಬದ್ದ ಪಾತ್ರೆಗಳಿಗೆಲ್ಲ ನೀರು ತುಂಬಿಸಿದ್ದೆ. ಶಾಲೆಗೆ ರಜೆ ಕೊಟ್ಟರು, ಸೊಸೆಯ ಆಫೀಸಿಗೆ ಕೊಡಲಿಲ್ಲ. ಮಗ ಬೇರೆ ಊರಿನಲ್ಲಿದ್ದ. ಮಧ್ಯಾಹ್ನದೊಳಗೆ ಬಂದುಬಿಡುತ್ತೇನೆ ಎಂದು ಸೊಸೆ ಬೆಳಿಗ್ಗೆ ಬೇಗ ಟ್ರೇನು ಹತ್ತಿದಳು. ಹೊತ್ತು ಏರಿದ ಹಾಗೆ ಗಾಳಿ ಜೋರಾಯಿತು. ಕರೆಂಟು ಹೋಯಿತು. ಹಳಿಯ ಮೇಲೆ ನೀರು ನಿಂತು ಎಲೆಕ್ಟ್ರಿಕ್ ಟ್ರೇನುಗಳು ನಿಂತವಂತೆ ಎಂದು ಪಕ್ಕದ ಮನೆಯವರು ಹೇಳಿಹೋದರು. ಹೊರಟೆ ಎಂದು ಸೊಸೆ ಒಂದು ಸಲ ಫೋನಿನಲ್ಲಿ ಹೇಳಿದ್ದಳು, ಆಮೇಲೆ ಫೋನೂ ಸತ್ತಿತು.

ಮಟ ಮಟ ಮಧ್ಯಾಹ್ನವೇ ಮನೆಯೊಳಗೆ ಮುಸ್ಸಂಜೆಯಷ್ಟು ಕತ್ತಲು. ನನ್ನ ಗಂಡ ಬಾಲ್ಕನಿಯ ಬಾಗಿಲ ಸಂದಿಗೆ ಹಳೆಯ ಪಂಚೆ ತುರುಕಿ, ಒಳಗೆ ಬಂದ ನೀರನ್ನು ಹಿಂಡಿ ಹಿಂಡಿ ಬಕೆಟ್ಟಿಗೆ ಹಾಕುತ್ತಿದ್ದರು. ಮೊಮ್ಮಗಳು ಕಿಟಕಿಯ ಹತ್ತಿರದ ಮಬ್ಬು ಬೆಳಕಿನಲ್ಲಿ ಕೂತು ಚಿತ್ರ ಬರೆಯುತ್ತಿದ್ದಳು. ಹತ್ತಿರ ಹೋಗಿ ನೋಡಿದೆ. ಹುಯಲ್‌ಳನ್ನು ಬರೆಯಲು ಹೊರಟಿದ್ದಾಳೆ, ಅಡ್ಡಗೆರೆ ಉದ್ದಗೆರೆ ಹಾಕಿದ್ದಾಳೆ, ಕಣ್ಣಿನ ಹೊರಗೆರೆಯೂ ಮುಗಿದಿದೆ, ಒಳಗೆ ಸುರುಳಿ ಮಾತ್ರ ಕೈಗೆ ಬರುತ್ತಿಲ್ಲ. ಬರೆಯುತ್ತಾಳೆ, ಅಳಿಸುತ್ತಾಳೆ, ಬರೆಯುತ್ತಾಳೆ. ಆ ಜಾಗದಲ್ಲಿ ಕಾಗದ ಸವೆದು ತೂತು ಬೀಳುವ ಹಾಗಾಗಿತ್ತು. ನಾನು ಹೋಗಿ ಮಂಚದ ಮೇಲೆ ಕೂತು ವಿಷ್ಣುಸಹಸ್ರನಾಮ ಹೇಳಿಕೊಳ್ಳತೊಡಗಿದೆ. ದಿನಾ ನೀರು ಕುಡಿದ ಹಾಗೆ ಹೇಳುವುದು ಅವತ್ತು ಎರಡು ಕಡೆ ತಪ್ಪಿತು. ಸೊಸೆ ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾಳೋ, ಯಾವ ರಸ್ತೆಯ ನೀರಿನಲ್ಲಿ ನಡೆಯುತ್ತಿದ್ದಾಳೋ ಎಂದು ಮನಸ್ಸು ಅಲ್ಲಿಯೇ ಸುತ್ತುತ್ತಿತ್ತು.

ಎಲ್ಲೋ ಹತ್ತಿರದಲ್ಲಿ ತಗಡಿನ ಶೀಟೊಂದು ಕಿತ್ತು ಬಿದ್ದ ಸದ್ದಾಯಿತು. ಮೊಮ್ಮಗಳು ಪೆನ್ಸಿಲು ಹಿಡಿದುಕೊಂಡೇ ಎದ್ದು ಬಂದು ನನ್ನ ಮುಂದೆ ನಿಂತಳು. ಏನೋ ಹೇಳಲು ಹೋಗಿ ನಿಲ್ಲಿಸಿದಳು, ಮತ್ತೆ ಹೇಳಿದಳು:

"ಅಜ್ಜಿ, ನಂಗೆ ಹಯ ಆಗ್ತಾ ಇದೆ."

ತಮಿಳಿನ ಬಯಂಗೆ ನಿಯಮ ಹಚ್ಚಿದ್ದಳು. ನಮ್ಮ ಮನೆಯಲ್ಲಿ ನಾವು ಹೆದರಿಕೆ ಎನ್ನುತ್ತೇವೆ, ದಿಗಿಲು ಎನ್ನುತ್ತೇವೆ. ಬಯಂ ಎನ್ನುವುದು ಕನ್ನಡದಲ್ಲೂ ಹೆಚ್ಚುಕಡಿಮೆ ಅದೇ, ಭಯ, ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ಹಯ ಎಂದರೆ ಕುದುರೆ. ಬಾಗಿಲ ಹತ್ತಿರ ಪಂಚೆ ಹಿಂಡುತ್ತಿದ್ದ ನನ್ನ ಗಂಡ ತಲೆಯೆತ್ತಿ, "ಹಯ" ಎಂದು ರಾಗ ಎಳೆದರು. ಜೀವಮಾನದಲ್ಲಿ ಮೊದಲ ಸಲ ಅವರಿಗೆ ಇನ್ನೊಬ್ಬರ ಕನ್ನಡದಲ್ಲಿ ತಪ್ಪು ಸಿಕ್ಕಿತ್ತು, ಪಾಪ. ನಾನು ಅವರನ್ನು ದುರುಗುಟ್ಟಿ ನೋಡಿದೆ. ಅವರು ಮತ್ತೆ ಪಂಚೆ ಹಿಂಡಲು ತಿರುಗಿಕೊಂಡರು.

"ನಂಗೂ ಹಯ ಆಗ್ತಾ ಇದೆ ಕಣೇ" ಎಂದೆ. "ಬಾ, ಇಲ್ಲಿ ಕೂತ್ಕೋ."

ಹೇಳಿದ್ದು ಸುಳ್ಳಲ್ಲ. ಅವಳು ಮಂಚ ಹತ್ತಿ ನನ್ನ ಶಾಲಿನೊಳಗೆ ಸೇರಿಕೊಂಡಳು. ಅಮ್ಮ ಬರ್ತಾಳಾ ಎಂದು ಕೇಳಿದಳು, ಅದನ್ನು ಅಚ್ಚ ಕನ್ನಡದಲ್ಲೇ. ಬರುತ್ತಾಳೆ ಎಂದೆ. ಹಸ್ ಇದೆಯಾ ಎಂದಳು. ಹಸ್ ಇಲ್ಲದಿದ್ದರೆ ನಡೆದು ಬರುತ್ತಾಳೆ, ನಿಮ್ಮಮ್ಮ ಗಟ್ಟಿಗಿತ್ತಿ ಎಂದೆ. ಸಾಯಂಕಾಲದವರೆಗೆ ನಾವಿಬ್ಬರೂ ಹಾಗೆಯೇ ಮಾತಾಡಿದೆವು. ಅವಳು ಎಷ್ಟು ತಪ್ಪಾಡಿದಳೋ ನಾನು ಅಷ್ಟೇ ತಪ್ಪಾಗಿ ಉತ್ತರ ಕೊಟ್ಟೆ. ಹೊರಗೆ ಗಾಳಿ ಊಳಿಡುತ್ತಿತ್ತು. ಅಂಥ ಹೊತ್ತಿನಲ್ಲೂ ನನಗೆ ಒಳಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು ಎಂದರೆ ನಾಚಿಕೆಯಾಗುತ್ತದೆ, ಆದರೆ ಆಗಿತ್ತು.

ದೀಪ ಹಚ್ಚುವ ಹೊತ್ತಿಗೆ ಸೊಸೆ ಬಂದಳು. ಯಾರದೋ ವ್ಯಾನಿನಲ್ಲಿ ಅರ್ಧ ದಾರಿ, ಉಳಿದದ್ದು ಮೊಣಕಾಲುದ್ದದ ನೀರಿನಲ್ಲಿ ನಡೆದು. ಚಪ್ಪಲಿ ಎಲ್ಲೋ ಹೋಗಿತ್ತು. ಮಗಳು ಓಡಿಹೋಗಿ ಒದ್ದೆ ಸೀರೆಯನ್ನೇ ಅಪ್ಪಿಕೊಂಡು, ಅವಳ ಕೆನ್ನೆ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ತಮಿಳಿನಲ್ಲಿ ಇಡೀ ದಿನದ ಕಥೆ ಹೇಳತೊಡಗಿದಳು. ಮಧ್ಯೆ ಮಧ್ಯೆ ಹಯ, ಹಯ ಎನ್ನುತ್ತಿದ್ದಳು. ಸೊಸೆಗೆ ಅರ್ಥವಾಗಲಿಲ್ಲ. ಕನ್ನಡದಲ್ಲಿ ಬಯಂಗೆ ಹಾಗೆನ್ನುವುದು ಎಂದು ಮಗಳು ವಿವರಿಸಿದಳು. ಸೊಸೆ ಟವಲಿನಲ್ಲಿ ತಲೆ ಒರೆಸಿಕೊಳ್ಳುತ್ತಿದ್ದವಳು ಕೈ ನಿಲ್ಲಿಸಿ ನನ್ನ ಕಡೆ ನೋಡಿದಳು. ಕನ್ನಡದ ವಿಷಯದಲ್ಲಿ ಈ ಮನೆಯಲ್ಲಿ ಕೊನೆಯ ಮಾತು ಯಾರದೆಂದು ಅವಳಿಗೆ ಗೊತ್ತು.

"ಹೌದಾ ಅತ್ತೆ? ಕನ್ನಡದಲ್ಲಿ ಹಾಗಾ ಹೇಳೋದು?" ಎಂದು ತಮಿಳಿನಲ್ಲಿ ಕೇಳಿದಳು.

ಮೊಮ್ಮಗಳೂ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೂಂ" ಎಂದೆ. "ನಮ್ಮನೇಲಿ ಹಾಗೇ ಅನ್ನೋದು."